ಪರೀಕ್ಷೆಯೂ ಬಾಳುವೆಯೂ



ನಮ್ಮ ಶಾಲೆಯ ವಾರ್ಷಿಕ ಸಂಚಿಕೆಯು ನಿಮ್ಮ ಕೈಸೇರುವ ಹೊತ್ತಿಗೆ ಪರೀಕ್ಷೆಯ ದಿನಗಳು ಹತ್ತಿರವಾಗಿರುತ್ತವೆ. ಹತ್ತನೆಯ ತರಗತಿಯವರು ಬೆಳಗಿನ ಜಾವದಲ್ಲಿ ಎದ್ದು ಓದುತ್ತಿರುವಿರಿ. ನಿಮ್ಮ ತಾಯಂದಿರು ನಿಮಗಿಂತ ಮೊದಲೇ ಎದ್ದು ಒಲೆ ಹಚ್ಚುತ್ತಿರುವರು. ಕಳೆದ ವರ್ಷ ಇಂತಹ ದಿನಗಳಲ್ಲಿಯೇ ಒಬ್ಬ ಹುಡುಗನು, ತರಗತಿಯು ಮುಗಿದ ಮೇಲೆ ನನ್ನ ಬಳಿಗೆ ಬಂದು, “ಸರ್, ನಾನು ಪಾಸಾಗದಿದ್ದರೆ ಏನಾಗುತ್ತೇನೆ?” ಎಂದು ಕೇಳಿದನು. ‘ಏನು ಮಾಡಲಿ?’ ಎಂದು ಅವನು ಕೇಳಲಿಲ್ಲ, ‘ಏನಾಗುತ್ತೇನೆ?’ ಎಂದು ಕೇಳಿದನು. ಅಂದು ಎರಡು ಸಮಾಧಾನದ ಮಾತುಗಳನ್ನು ಹೇಳಿ ಅವನನ್ನು ಕಳುಹಿಸಿಕೊಟ್ಟೆನು. ಆದರೆ ಅವನ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲವೆಂಬ ಅಳುಕು ಮನಸ್ಸಿನಲ್ಲಿ ಉಳಿದುಬಿಟ್ಟಿತು. ಆ ಉತ್ತರವನ್ನು ಈ ಲೇಖನದಲ್ಲಿ ಬರೆಯಲು ಯತ್ನಿಸಿದ್ದೇನೆ. ಹೈದರಾಬಾದಿನ ಈ ಕನ್ನಡ ಶಾಲೆಗೆ ಬರುವ ಮೊದಲು ನಾನು ಕೆಲವು ವರ್ಷ ವಿಜಯವಾಡದಲ್ಲಿಯೂ ವಿಶಾಖಪಟ್ಟಣದಲ್ಲಿಯೂ ಇದ್ದೆನು. ಪರೀಕ್ಷೆಯ ವಿಷಯವಾಗಿ ನಾನು ಅರಿತುದರಲ್ಲಿ ಬಹುಭಾಗವನ್ನು ಆ ಎರಡು ಊರುಗಳಲ್ಲಿ ಕಲಿತೆನು.

ಶಬ್ದದ ಅರ್ಥ

ಮೊದಲು ‘ಪರೀಕ್ಷೆ’ ಎಂಬ ಶಬ್ದವನ್ನೇ ವಿಚಾರಿಸೋಣ. ಇದು ಸಂಸ್ಕೃತದಿಂದ ನಮ್ಮ ಭಾಷೆಗೆ ಬಂದ ಮಾತು. ‘ಪರಿ’ ಎಂದರೆ ಸುತ್ತಲೂ; ‘ಈಕ್ಷ್’ ಎಂಬ ಧಾತುವಿಗೆ ನೋಡುವುದು ಎಂದು ಅರ್ಥ. ಆದ್ದರಿಂದ ಒಂದು ವಸ್ತುವನ್ನು ಎಲ್ಲ ಕಡೆಗಳಿಂದಲೂ ನೋಡುವುದೇ ಪರೀಕ್ಷೆ. ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ಅದರ ಬಣ್ಣವನ್ನು ನೋಡುತ್ತಾನೆ. ಬಣ್ಣವು ಮಾಸಲಾಗಿದ್ದರೆ ಚಿನ್ನವನ್ನು ಬಯ್ಯುವುದಿಲ್ಲ. ಬೀದಿಗೆ ಎಸೆಯುವುದೂ ಇಲ್ಲ. ಎಷ್ಟು ಬೆರಕೆಯಿದೆಯೆಂದು ತಿಳಿದುಕೊಂಡು, ಪುಟಕ್ಕೆ ಹಾಕಿ ಶುದ್ಧಿಗೊಳಿಸುತ್ತಾನೆ. ಒರೆಗಲ್ಲು ಇರುವುದು ಮುಂದಿನ ಕೆಲಸವನ್ನು ತಿಳಿಸುವುದಕ್ಕಾಗಿ.

ಶಾಲೆಯ ಪರೀಕ್ಷೆಯೂ ಹೀಗೆಯೇ ಇರಬೇಕು. ಆದರೆ ಮೂರು ಗಂಟೆಗಳ ಕಾಲ, ಕೆಲವೇ ಪ್ರಶ್ನೆಗಳ ಮೂಲಕ, ಕಾಗದದ ಮೇಲೆ ಬರೆದ ಅಕ್ಷರಗಳಲ್ಲಿ ಒಬ್ಬ ಬಾಲಕನನ್ನು ಎಷ್ಟು ಕಡೆಗಳಿಂದ ನೋಡಲು ಸಾಧ್ಯ? ಒಂದೋ ಎರಡೋ ಕಡೆಯಿಂದ ಮಾತ್ರ. ಇದನ್ನು ನಾನು ಗ್ರಂಥಗಳಿಂದ ಕಲಿಯುವ ಮೊದಲು ಅನುಭವದಿಂದ ಕಲಿಯಬೇಕಾಯಿತು.

ಬೆಜವಾಡದ ಪಾಕಶಾಲೆ

ನಾನು ಕುಂದಾಪುರದ ಕಡೆಯವನು. ಒಂದರಿಂದ ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮದಲ್ಲಿಯೇ ಓದಿದೆನು. ನಮ್ಮ ಅಪ್ಪಯ್ಯನವರು ವಿಜಯವಾಡದ ಒಂದು ಉಡುಪಿ ಹೋಟೆಲಿನಲ್ಲಿ ಅಡಿಗೆಯವರಾಗಿದ್ದರು. ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಆ ಊರಿನ ಹಳೆಯ ಹೆಸರು ಬೆಜವಾಡ. ಅಪ್ಪಯ್ಯನವರ ಬಾಯಲ್ಲಿ ಕೊನೆಯವರೆಗೂ ಅದು ಬೆಜವಾಡವೇ ಆಗಿತ್ತು.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತೆನು. ಕನ್ನಡದಲ್ಲಿ ಒಳ್ಳೆಯ ಅಂಕಗಳು ಬಂದುವು. ಗಣಿತದಲ್ಲಿ ೩೫ ಬೇಕಾಗಿದ್ದಲ್ಲಿ ೩೧ ಬಂದಿತು. ಶಾಲೆಯ ಗೋಡೆಗೆ ಅಂಟಿಸಿದ್ದ ಪಟ್ಟಿಯನ್ನು ಎರಡು ಸಲ ಓದಿದೆನು. ಆ ಸಂಜೆ ಮನೆಯವರಿಗೆ ಹೇಳದೆ, ಅಮ್ಮನು ಅಕ್ಕಿಯ ಡಬ್ಬಿಯಲ್ಲಿ ಇಟ್ಟಿದ್ದ ಹಣವನ್ನು ತೆಗೆದುಕೊಂಡು, ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆನು. ಅಲ್ಲಿಂದ ಗುಂತಕಲ್ಲು, ಗುಂಟೂರುಗಳ ಮೇಲೆ ವಿಜಯವಾಡಕ್ಕೆ ಹೋಗುವ ರೈಲು ಸಿಕ್ಕಿತು. ಮರುದಿನ ರೈಲು ಕೃಷ್ಣಾ ನದಿಯ ಸೇತುವೆಯ ಮೇಲೆ ಸಾಗುತ್ತಿದ್ದಾಗ ನೀರನ್ನು ನೋಡಿದೆನು. ವಿಜಯಪುರ, ಬಾಗಲಕೋಟೆ, ರಾಯಚೂರು ಜಿಲ್ಲೆಗಳನ್ನು ದಾಟಿ ಬಂದ ನಮ್ಮ ಕೃಷ್ಣೆಯೇ ಅಲ್ಲಿ ಅಷ್ಟು ಅಗಲವಾಗಿ ಹರಿಯುತ್ತಿದ್ದಳು. ನನಗೆ ಅಂದು ಆ ವಿಚಾರ ಹೊಳೆಯಲಿಲ್ಲ. ಅಪ್ಪಯ್ಯನ ಮುಂದೆ ಯಾವ ಮುಖವನ್ನು ಹೊತ್ತು ನಿಲ್ಲಲಿ ಎಂಬುದೊಂದೇ ಚಿಂತೆ.

ಅಪ್ಪಯ್ಯನವರು ನನ್ನನ್ನು ಕಂಡು ಕೇಳಿದ ಮೊದಲ ಮಾತು, “ಊಟವಾಯಿತೇ?” ಎಂಬುದು. ಎರಡನೆಯದು, “ಅಮ್ಮನಿಗೆ ಹೇಳಿ ಬಂದೆಯಾ?” ಎಂಬುದು. ಇಲ್ಲವೆಂದಾಗ ಅವರ ಮುಖವು ಕಪ್ಪಿಟ್ಟಿತು. ಕೈಯ ಹಿಟ್ಟನ್ನೂ ತೊಳೆಯದೆ ಟೆಲಿಫೋನಿನ ಬಳಿಗೆ ಓಡಿದರು. ಆ ರಾತ್ರಿಯೆಲ್ಲ ಅಮ್ಮನು ಊರಿನ ಬಾವಿಗಳನ್ನು ಲಾಟೀನು ಹಿಡಿದು ಹುಡುಕಿಸಿದ್ದಳೆಂದು ಅನಂತರ ತಿಳಿಯಿತು. ಗಣಿತದ ನಾಲ್ಕು ಅಂಕಗಳಿಗಾಗಿ ತಾಯಿಗೆ ಅಂತಹ ರಾತ್ರಿಯನ್ನು ಕೊಟ್ಟೆನಲ್ಲ ಎಂಬ ನೋವು ಇಂದಿಗೂ ನನ್ನಿಂದ ದೂರವಾಗಿಲ್ಲ. ಮಕ್ಕಳೇ, ಈ ಲೇಖನದಲ್ಲಿ ಬೇರೆ ಏನನ್ನು ಮರೆತರೂ ಇದೊಂದನ್ನು ಮರೆಯಬೇಡಿರಿ: ಫಲಿತಾಂಶವು ಹೇಗೆಯೇ ಬರಲಿ, ಮೊದಲು ಮನೆಗೆ ಹೋಗಿರಿ. ಮನೆಯಲ್ಲಿ ಹೇಳಲು ಧೈರ್ಯವಾಗದಿದ್ದರೆ ನನ್ನ ಬಳಿಗೆ ಬನ್ನಿರಿ; ನಿಮ್ಮ ಜೊತೆಯಲ್ಲಿ ನಾನು ಬರುತ್ತೇನೆ.

ಹೋಟೆಲಿನಲ್ಲಿಯೇ ನಾನು ಕೆಲಸಕ್ಕೆ ನಿಂತೆನು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಅಪ್ಪಯ್ಯನವರ ವಿದ್ಯೆಯನ್ನು ಅಲ್ಲಿ ಕಂಡೆನು. ವಿಜಯವಾಡದ ಬೇಸಗೆ ಬಹಳ ಕಠಿನವಾದುದು. ಆ ಸೆಕೆಯಲ್ಲಿ ಇಡ್ಲಿಯ ಹಿಟ್ಟು ಬೇಗನೆ ಹುಳಿಯೇರುತ್ತದೆ. ಅದಕ್ಕಾಗಿ ಬೇಸಗೆಯಲ್ಲಿ ತಡವಾಗಿ ರುಬ್ಬಿಸುವರು; ಚಳಿಗಾಲದಲ್ಲಿ ಸಂಜೆಗೆ ಮುಂಚೆಯೇ ರುಬ್ಬಿಸಿ, ಪಾತ್ರೆಯನ್ನು ಒಲೆಯ ಬದಿಗೆ ಸರಿಸುವರು. ಹಬ್ಬದ ದಿನ ಎಷ್ಟು ಜನ ಬರುವರು, ಎಷ್ಟು ಅಕ್ಕಿಗೆ ಎಷ್ಟು ಉದ್ದು ಎಂಬುದು ಅವರ ಬಾಯಲ್ಲಿಯೇ ಇರುತ್ತಿತ್ತು. ತ್ರೈರಾಶಿಯೆಂಬ ಹೆಸರು ಅವರಿಗೆ ತಿಳಿಯದು. ಆದರೆ ಅವರು ದಿನವೂ ಮಾಡುತ್ತಿದ್ದುದು ತ್ರೈರಾಶಿಯನ್ನೇ.

ನಾನು ಗಣಿತದಲ್ಲಿ ತಪ್ಪಿದ ಒಂದು ಲೆಕ್ಕವೂ ಅಲ್ಲಿಯೇ ಸರಿಯಾಯಿತು. ‘ಒಂದು ವಸ್ತುವನ್ನು ಶೇಕಡ ೨೦ ಲಾಭಕ್ಕೆ ೬೦೦ ರೂಪಾಯಿಗಳಿಗೆ ಮಾರಿದರೆ ಅದರ ಕೊಂಡ ಬೆಲೆ ಎಷ್ಟು?’ ಎಂಬುದು ಪ್ರಶ್ನೆ. ನಾನು ೬೦೦ಕ್ಕೆ ಶೇಕಡ ೨೦ರಂತೆ ೧೨೦ ಕಳೆದು, ೪೮೦ ಎಂದು ಬರೆದಿದ್ದೆನು. ಹೋಟೆಲಿನ ಲೆಕ್ಕ ಬರೆಯುವ ಹಿರಿಯರು ಇದನ್ನು ಕೇಳಿ ನಕ್ಕು, “ಲಾಭವನ್ನು ಎಣಿಸುವುದು ಹಾಕಿದ ದುಡ್ಡಿನ ಮೇಲೆ, ಬಂದ ದುಡ್ಡಿನ ಮೇಲಲ್ಲ. ನೂರು ಹಾಕಿದವನಿಗೆ ನೂರಿಪ್ಪತ್ತು ಬರುತ್ತದೆ. ಆರುನೂರರಲ್ಲಿ ನೂರಿಪ್ಪತ್ತು ಎಷ್ಟು ಸಲ ಇದೆ?” ಎಂದರು. ಐದು ಸಲ ಇದೆ. ಆದ್ದರಿಂದ ಹಾಕಿದ ದುಡ್ಡು ಐದು ನೂರು, ಅಂದರೆ ೫೦೦ ರೂಪಾಯಿ. ಒಂದು ವರ್ಷ ಕುಳಿತು ಓದಿದರೂ ಅರ್ಥವಾಗದಿದ್ದುದು, ಗಲ್ಲಾಪೆಟ್ಟಿಗೆಯ ಮುಂದೆ ಒಂದು ನಿಮಿಷದಲ್ಲಿ ಅರ್ಥವಾಯಿತು. ನನಗೆ ಬುದ್ಧಿ ಇರಲಿಲ್ಲವೆಂದಲ್ಲ. ‘ಯಾವುದರ ಮೇಲೆ ಶೇಕಡ?’ ಎಂಬ ಒಂದು ಪ್ರಶ್ನೆಯನ್ನು ನಾನು ಎಂದೂ ಕೇಳಿಕೊಂಡಿರಲಿಲ್ಲ.

ಡಿಸೆಂಬರಿನಲ್ಲಿ ಮತ್ತೆ ಪರೀಕ್ಷೆಗೆ ಹಣ ಕಟ್ಟುವ ಸಮಯ ಬಂದಿತು. ನಾನು ಬೇಡವೆಂದೆನು. ಅಂದು ಚಳಿಗೆ ಹಿಟ್ಟು ಉಬ್ಬಿರಲಿಲ್ಲ. ಅಪ್ಪಯ್ಯನವರು ಪಾತ್ರೆಯ ಮುಚ್ಚಳವನ್ನು ತೆರೆದು ನನಗೆ ತೋರಿಸಿ, “ಹಿಟ್ಟು ಹುಳಿ ಬರಲಿಲ್ಲವೆಂದು ಪಾತ್ರೆಯನ್ನು ಬಿಸಾಡುತ್ತಾರೆಯೇ, ಮಗಾ? ಇನ್ನೂ ಸ್ವಲ್ಪ ಹೊತ್ತು ಮುಚ್ಚಿಡುತ್ತಾರೆ,” ಎಂದರು. ಬೇರೆ ಉಪದೇಶವನ್ನು ಅವರು ಮಾಡಲಿಲ್ಲ. ನಾನು ಹಣ ಕಟ್ಟಿದೆನು. ಮುಂದಿನ ಬೇಸಗೆಯಲ್ಲಿ ಊರಿಗೆ ಹೋಗಿ ಬರೆದು ತೇರ್ಗಡೆಯಾದೆನು.

ವಿಶಾಖಪಟ್ಟಣದ ಕಡೆಗೆ ಓಡಿದ ಬಾಲಕ

ಇದೇ ದಾರಿಯಲ್ಲಿ, ನನಗಿಂತ ನೂರು ವರ್ಷಗಳ ಹಿಂದೆ, ಮನೆಯವರಿಗೆ ಹೇಳದೆ ಓಡಿಹೋದ ಇನ್ನೊಬ್ಬ ವಿದ್ಯಾರ್ಥಿಯ ಕಥೆಯನ್ನು ನಾನು ಅನಂತರ ಓದಿದೆನು. ಅವರು ಗಣಿತಶಾಸ್ತ್ರಜ್ಞ ಶ್ರೀನಿವಾಸ ರಾಮಾನುಜನ್ನರು.

ರಾಮಾನುಜನ್ನರು ೧೮೮೭ನೆಯ ಇಸವಿ ಡಿಸೆಂಬರ್ ೨೨ರಂದು ಈರೋಡಿನಲ್ಲಿ ಜನಿಸಿ, ಕುಂಭಕೋಣದಲ್ಲಿ ಬೆಳೆದರು. ಶಾಲೆಯಲ್ಲಿ ಜಾಣರೆನಿಸಿಕೊಂಡು, ೧೯೦೪ರಲ್ಲಿ ವಿದ್ಯಾರ್ಥಿವೇತನದೊಂದಿಗೆ ಅಲ್ಲಿಯ ಸರಕಾರಿ ಕಾಲೇಜನ್ನು ಸೇರಿದರು. ಅಷ್ಟರಲ್ಲಿ ಅವರಿಗೆ ಗಣಿತದ ಒಂದು ದೊಡ್ಡ ಗ್ರಂಥವು ದೊರಕಿತ್ತು. ಕಾರ್ ಎಂಬವರು ರಚಿಸಿದ ಆ ಗ್ರಂಥದಲ್ಲಿ ಸುಮಾರು ಐದು ಸಾವಿರ ಸಿದ್ಧಾಂತಗಳು ಇದ್ದುವು. ಅದರಲ್ಲಿ ಮುಳುಗಿದ ರಾಮಾನುಜನ್ನರು ಉಳಿದ ವಿಷಯಗಳನ್ನು ಕಡೆಗಣಿಸಿದರು. ಇಂಗ್ಲಿಷಿನಲ್ಲಿ ಅನುತ್ತೀರ್ಣರಾಗಿ ವಿದ್ಯಾರ್ಥಿವೇತನವನ್ನು ಕಳೆದುಕೊಂಡರು. ೧೯೦೫ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಮನೆಯನ್ನು ಬಿಟ್ಟು ವಿಶಾಖಪಟ್ಟಣದ ಕಡೆಗೆ ಓಡಿಹೋದರು. ಮದರಾಸಿನಿಂದ ಅತ್ತ ಹೋಗುವ ರೈಲುಮಾರ್ಗವು ಬೆಜವಾಡದ ಕೃಷ್ಣಾ ಸೇತುವೆಯ ಮೇಲೆಯೇ ಹಾದುಹೋಗುತ್ತಿತ್ತು. ಆ ಸೇತುವೆಯು ೧೮೯೩ರಲ್ಲಿ ತೆರೆದುದು. ಕೆಲವು ಕಾಲದ ಮೇಲೆ ಅವರು ಮನೆಗೆ ಮರಳಿದರು. ೧೯೦೬ರಲ್ಲಿ ಮದರಾಸಿನ ಪಚ್ಚಯ್ಯಪ್ಪನವರ ಕಾಲೇಜನ್ನು ಸೇರಿ, ಎಫ್.ಎ. ಪರೀಕ್ಷೆಯಲ್ಲಿ ಮತ್ತೆ ನಪಾಸಾದರು. ಶರೀರಶಾಸ್ತ್ರವೆಂಬ ವಿಷಯವು ಅವರಿಗೆ ಒಗ್ಗಲೇ ಇಲ್ಲ. ಪದವಿಯಿಲ್ಲದೆ, ಕೆಲಸವಿಲ್ಲದೆ ಕೆಲವು ವರ್ಷ ಅಲೆದು, ೧೯೧೨ರಲ್ಲಿ ಮದರಾಸಿನ ಬಂದರು ಕಚೇರಿಯಲ್ಲಿ ತಿಂಗಳಿಗೆ ೩೦ ರೂಪಾಯಿಗಳ ಗುಮಾಸ್ತರಾದರು. ೧೯೧೩ರ ಜನವರಿಯಲ್ಲಿ ಕೇಂಬ್ರಿಜ್ಜಿನ ಹಾರ್ಡಿಯವರಿಗೆ ತಮ್ಮ ಗಣಿತವನ್ನು ಬರೆದು ಕಳುಹಿಸಿದರು. ೧೯೧೪ರಲ್ಲಿ ಇಂಗ್ಲೆಂಡಿಗೆ ಹೋದರು. ೧೯೧೮ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಚುನಾಯಿತರಾದರು. ೧೯೨೦ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈ ಕಥೆಯನ್ನು ಓದಿ, ‘ನಪಾಸಾಗುವುದು ಪ್ರತಿಭೆಯ ಗುರುತು’ ಎಂದು ಯಾರೂ ತಿಳಿಯಬಾರದು. ಆ ವರ್ಷಗಳಲ್ಲಿ ರಾಮಾನುಜನ್ನರೊಂದಿಗೆ ಅನುತ್ತೀರ್ಣರಾದ ಇತರರೆಲ್ಲ ರಾಮಾನುಜನ್ನರಾಗಲಿಲ್ಲ, ನಾನೂ ಆಗಲಿಲ್ಲ. ಇಂಗ್ಲಿಷನ್ನು ಕಡೆಗಣಿಸಿದುದರಿಂದ ಅವರಿಗೆ ಕಷ್ಟವೇ ಆಯಿತು. ಈ ಕಥೆಯಿಂದ ತಿಳಿಯುವುದು ಇಷ್ಟೇ: ಪರೀಕ್ಷೆಯು ಅವರ ಇಂಗ್ಲಿಷನ್ನೂ ಶರೀರಶಾಸ್ತ್ರವನ್ನೂ ನೋಡಿ ಹೇಳಿದ ಮಾತು ಸುಳ್ಳಾಗಿರಲಿಲ್ಲ. ಆದರೆ ಆ ಮಾತನ್ನು ಇಡೀ ರಾಮಾನುಜನ್ನರ ಮೇಲಿನ ತೀರ್ಪೆಂದು ಭಾವಿಸಿದುದು ತಪ್ಪಾಗಿತ್ತು.

ಪರೀಕ್ಷೆಯೇ ಬೇಡವೇ?

ಹಾಗಾದರೆ ಪರೀಕ್ಷೆಯನ್ನೇ ತೆಗೆದುಹಾಕಬಾರದೇ ಎಂದು ನೀವು ಕೇಳಬಹುದು. ಈ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರವನ್ನು ಹುಡುಕಬೇಕು.

ಚೀನಾ ದೇಶದಲ್ಲಿ ಅಧಿಕಾರಿಗಳನ್ನು ಆರಿಸುವುದಕ್ಕಾಗಿ ಸುಮಾರು ೧,೩೦೦ ವರ್ಷಗಳ ಕಾಲ ಪರೀಕ್ಷೆಗಳು ನಡೆದುವು. ಪರೀಕ್ಷಾರ್ಥಿಗಳು ಗೂಡುಗಳಂತಹ ಸಣ್ಣ ಕೋಣೆಗಳಲ್ಲಿ ದಿನಗಟ್ಟಲೆ ಕುಳಿತು ಬರೆಯಬೇಕಾಗಿತ್ತು. ಬರೆದವನು ಯಾರೆಂದು ತಿಳಿಯದಂತೆ ಹೆಸರನ್ನು ಮುಚ್ಚುತ್ತಿದ್ದರು. ಕೈಬರಹದಿಂದಲೂ ಗುರುತು ಸಿಕ್ಕಬಾರದೆಂದು ಉತ್ತರಗಳನ್ನು ಲಿಪಿಕಾರರಿಂದ ಮತ್ತೆ ಬರೆಯಿಸಿ ಪರೀಕ್ಷಕರಿಗೆ ಕೊಡುವ ಕ್ರಮವೂ ಇದ್ದಿತು. ಧನಿಕನ ಮಗನೆಂದು ಅಂಕವು ಹೆಚ್ಚಬಾರದು, ಬಡವನ ಮಗನೆಂದು ಕಡಿಮೆಯಾಗಬಾರದು ಎಂಬುದೇ ಅದರ ಉದ್ದೇಶ. ನಿಮ್ಮ ಉತ್ತರಪತ್ರಿಕೆಯ ಮೇಲೆ ಹೆಸರಿಲ್ಲದೆ ಸಂಖ್ಯೆ ಮಾತ್ರ ಇರುವುದೂ ಇದೇ ಕಾರಣದಿಂದ. ಆದರೆ ಕಾಲಕ್ರಮದಲ್ಲಿ ಆ ಪರೀಕ್ಷೆಗಳು ಹಳೆಯ ಗ್ರಂಥಗಳ ಬಾಯಿಪಾಠಕ್ಕೂ ಕಟ್ಟುನಿಟ್ಟಾದ ಪ್ರಬಂಧರಚನೆಗೂ ಅಂಟಿಕೊಂಡುವು. ಹೊಸ ವಿದ್ಯೆಗಳಿಗೆ ಅಲ್ಲಿ ಎಡೆ ಸಾಲದಾಯಿತು. ಕೊನೆಗೆ ೧೯೦೫ರಲ್ಲಿ ಅವುಗಳನ್ನು ರದ್ದುಪಡಿಸಿದರು.

ನಮ್ಮ ದೇಶದಲ್ಲಿ ೧೮೫೭ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದುವು. ಅವುಗಳನ್ನು ಸೇರುವುದಕ್ಕೆ ಇಟ್ಟ ಪ್ರವೇಶ ಪರೀಕ್ಷೆಗೆ ‘ಮೆಟ್ರಿಕ್ಯುಲೇಷನ್’ ಎಂದು ಹೆಸರಾಯಿತು. ನಮ್ಮ ಅಜ್ಜಂದಿರು ‘ಮೆಟ್ರಿಕ್’ ಎನ್ನುತ್ತಿದ್ದುದು ಇದನ್ನೇ. ನಮ್ಮ ಇಂದಿನ ಹತ್ತನೆಯ ತರಗತಿಯ ಪರೀಕ್ಷೆಯು ಅದರ ಸಂತತಿ. ಅಂದರೆ ಅದು ಮೊದಲು ಹುಟ್ಟಿದುದು ಒಂದು ಬಾಗಿಲಾಗಿ: ಮುಂದಿನ ಕೋಣೆಗೆ ಯಾರು ಹೋಗಬಹುದೆಂದು ನೋಡುವುದಕ್ಕೆ. ಜನರು ಅದನ್ನು ತಕ್ಕಡಿಯೆಂದು ತಿಳಿದು ಮಕ್ಕಳನ್ನು ತೂಗತೊಡಗಿದುದು ಅನಂತರದ ಮಾತು.

ಆದ್ದರಿಂದ ಪರೀಕ್ಷೆಯು ಬೇಡವೆಂದು ನಾನು ಹೇಳಲಾರೆ. ಬಡವರ ಮಕ್ಕಳಿಗೆ ಶಿಫಾರಸಿನ ಪತ್ರವಿಲ್ಲ. ಹೆಸರಿಲ್ಲದ ಉತ್ತರಪತ್ರಿಕೆಯೇ ಅವರ ಶಿಫಾರಸು. ನಾನು ಉಪಾಧ್ಯಾಯರ ತರಬೇತಿಗೆ ಸೇರಿದುದೂ ಇಂತಹ ಒಂದು ಕಾಗದದ ಬಲದಿಂದಲೇ. ಆದರೆ ಬಾಗಿಲನ್ನು ಬಾಗಿಲೆಂದೇ ಕಾಣಬೇಕು.

ಪ್ರಶ್ನೆಯ ಭಾಷೆ

ಎಸ್.ಎಸ್.ಎಲ್.ಸಿ. ಆದ ಮೇಲೆ ನಾನು ವಿಶಾಖಪಟ್ಟಣಕ್ಕೆ ಹೋದೆನು. ವಿಜಯವಾಡದ ಧಣಿಗಳ ನೆಂಟರೊಬ್ಬರು ಅಲ್ಲಿ ಹೋಟೆಲು ನಡೆಸುತ್ತಿದ್ದರು. ಹಗಲು ಗಲ್ಲದಲ್ಲಿ ಕುಳಿತು, ರಾತ್ರಿ ಓದುತ್ತಿದ್ದೆನು. ಒಂದು ಸಂಸ್ಥೆಯವರು ಉಗ್ರಾಣದ ಗುಮಾಸ್ತರ ಕೆಲಸಕ್ಕೆ ಪರೀಕ್ಷೆ ನಡೆಸುವರೆಂದು ತಿಳಿದು ಅರ್ಜಿ ಹಾಕಿದೆನು. ಲೆಕ್ಕದ ಪ್ರಶ್ನೆಗಳೇ ಹೆಚ್ಚೆಂದು ಕೇಳಿ ಸಂತೋಷವಾಯಿತು. ಆಗ ಲೆಕ್ಕದಲ್ಲಿ ನನಗೆ ಧೈರ್ಯ ಬಂದಿದ್ದಿತು.

ಪ್ರಶ್ನೆಪತ್ರಿಕೆಯು ಇಂಗ್ಲಿಷಿನಲ್ಲಿ ಮಾತ್ರ ಇದ್ದಿತು. ಒಂದು ಪ್ರಶ್ನೆಯಲ್ಲಿ ‘ಸಿಸ್ಟರ್ನ್’ ಎಂಬ ಶಬ್ದವನ್ನು ಕಂಡು, ಯಾರದೋ ತಂಗಿಯ ವಯಸ್ಸಿನ ಲೆಕ್ಕವಿರಬೇಕೆಂದು ಭಾವಿಸಿದೆನು. ಅದನ್ನು ತುಂಬುವುದಕ್ಕೆ ೨೦ ನಿಮಿಷ, ೩೦ ನಿಮಿಷ ಎಂದು ಏಕೆ ಬರೆದಿದ್ದಾರೆಂದು ತಿಳಿಯದೆ ಬೆವರಿದೆನು. ಸಂಜೆ ಸಮುದ್ರತೀರದಲ್ಲಿ ಕುಳಿತಾಗ, ನನ್ನೊಂದಿಗೆ ಕೋಣೆಯಲ್ಲಿದ್ದ ತೆಲುಗು ಗೆಳೆಯನು ಪ್ರಶ್ನೆಗಳನ್ನು ಒಂದೊಂದಾಗಿ ತೆಲುಗಿನಲ್ಲಿ ಬಿಡಿಸಿ ಹೇಳಿದನು. ಸಿಸ್ಟರ್ನ್ ಎಂದರೆ ನೀರಿನ ತೊಟ್ಟಿ! ಒಂದು ನಲ್ಲಿ ೨೦ ನಿಮಿಷಗಳಲ್ಲಿಯೂ ಇನ್ನೊಂದು ೩೦ ನಿಮಿಷಗಳಲ್ಲಿಯೂ ತೊಟ್ಟಿಯನ್ನು ತುಂಬಿದರೆ, ಎರಡೂ ಸೇರಿ ಎಷ್ಟು ಹೊತ್ತಿನಲ್ಲಿ ತುಂಬುವುವು? ಮರಳಿನ ಮೇಲೆ ಬೆರಳಿನಿಂದ ಬರೆದು, ೧೨ ನಿಮಿಷವೆಂದು ಕೂಡಲೇ ಹೇಳಿದೆನು. ಹೀಗೆ ಎಷ್ಟೋ ಪ್ರಶ್ನೆಗಳು. ಕೆಲಸ ಸಿಕ್ಕಲಿಲ್ಲ. ಅಂದು ಅವರು ನನ್ನ ಗಣಿತವನ್ನು ಪರೀಕ್ಷಿಸಿದೆವೆಂದು ತಿಳಿದಿದ್ದರು. ಪರೀಕ್ಷಿಸಿದುದು ನನ್ನ ಇಂಗ್ಲಿಷನ್ನು.

ಈ ಅನುಭವದ ಮೇಲೆ ನಾನು ಎರಡು ವಿಷಯಗಳನ್ನು ಆಲೋಚಿಸಿದೆನು. ಮೊದಲನೆಯದು, ಪರೀಕ್ಷಿಸುವವರ ಹೊಣೆ. ರಾಮಾನುಜನ್ನರು ಓಡಿಹೋದ ಅದೇ ೧೯೦೫ರಲ್ಲಿ, ಪ್ಯಾರಿಸಿನಲ್ಲಿ ಆಲ್‌ಫ್ರೆಡ್ ಬಿನೆ ಎಂಬ ಮನಶ್ಶಾಸ್ತ್ರಜ್ಞರು ಸಿಮೋನ್ ಎಂಬ ವೈದ್ಯರೊಡನೆ ಸೇರಿ ಮಕ್ಕಳ ಬುದ್ಧಿಯನ್ನು ಅಳೆಯುವ ಒಂದು ಕ್ರಮವನ್ನು ಪ್ರಕಟಿಸಿದರು. ಸುಲಭದಿಂದ ಕಠಿನಕ್ಕೆ ಏರುವ ೩೦ ಕೆಲಸಗಳು ಅದರಲ್ಲಿ ಇದ್ದುವು. ಕಲಿಕೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷವಾಗಿ ಪಾಠ ಹೇಳುವುದೇ ಅದರ ಉದ್ದೇಶವಾಗಿತ್ತು; ಅವರನ್ನು ದಡ್ಡರೆಂದು ಮುದ್ರೆಯೊತ್ತುವುದಲ್ಲ. ಬುದ್ಧಿಯು ಹುಟ್ಟಿನಿಂದಲೇ ಅಳತೆ ಮಾಡಿ ಇಟ್ಟ ವಸ್ತು, ಅದನ್ನು ಹೆಚ್ಚಿಸಲಾಗದು ಎಂಬ ವಾದವನ್ನು ಬಿನೆಯವರು ಒಪ್ಪುತ್ತಿರಲಿಲ್ಲ. ಆದರೆ ಪ್ಯಾರಿಸಿನ ಬಾಲಕನಿಗೆ ಪರಿಚಿತವಾದ ವಸ್ತುವೂ ಮಾತೂ ಧಾರವಾಡದ ಬಾಲಕನಿಗೆ ಪರಿಚಿತವಾಗಿರಬೇಕೆಂದಿಲ್ಲ. ಇದನ್ನು ಮನಗಂಡು, ವಿ. ವಿ. ಕಾಮತ್ ಎಂಬ ವಿದ್ವಾಂಸರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಬಿನೆಯವರ ಕ್ರಮವನ್ನು ಪರಿಷ್ಕರಿಸಿ, ೧೯೩೪ರಲ್ಲಿ ಆ ವಿಷಯವನ್ನು ಪ್ರಕಟಿಸಿದರು. ‘ಬಿನೆ–ಕಾಮತ್ ಪರೀಕ್ಷೆ’ ಎಂದು ಅದು ಪ್ರಸಿದ್ಧವಾಗಿದೆ. ಮಗುವನ್ನು ಅಳೆಯುವ ಮೊದಲು ಮಗುವಿನ ಮಾತಿನಲ್ಲಿ ಪ್ರಶ್ನೆ ಕೇಳಬೇಕೆಂಬ ಸರಳವಾದ ಸತ್ಯವನ್ನು ಕನ್ನಡ ಮಕ್ಕಳ ವಿಷಯದಲ್ಲಿ ಅವರು ನಡೆಸಿ ತೋರಿಸಿದರು.

ಎರಡನೆಯದು, ನಮ್ಮ ಹೊಣೆ. ಎಲ್ಲ ಪರೀಕ್ಷಕರೂ ನಮ್ಮ ಮಾತಿನಲ್ಲಿಯೇ ಕೇಳುವರೆಂದು ಕಾದು ಕುಳಿತರೆ ನಡೆಯುವುದಿಲ್ಲ. ನೀವು ಮನೆಯಲ್ಲಿಯೂ ಶಾಲೆಯಲ್ಲಿಯೂ ಕನ್ನಡವನ್ನು, ಬೀದಿಯಲ್ಲಿ ತೆಲುಗನ್ನು ಕೇಳುವಿರಿ. ನಾಳೆ ಕಾಲೇಜಿನಲ್ಲಿ ಇಂಗ್ಲಿಷನ್ನು ಕೇಳುವಿರಿ. ಕನ್ನಡದಲ್ಲಿ ಕಲಿತವನಿಗೆ ವಿಷಯವು ಅರ್ಥವಾಗಿರುತ್ತದೆ; ಅವನಿಗೆ ಬೇಕಾಗಿರುವುದು ಹೊಸ ಹೆಸರುಗಳು ಮಾತ್ರ. ಆ ದಿನದಿಂದ ನಾನು ಒಂದು ನೋಟುಪುಸ್ತಕದಲ್ಲಿ ಮೂರು ಗೆರೆ ಎಳೆದು, ಒಂದೇ ವಸ್ತುವಿಗೆ ಕನ್ನಡ, ತೆಲುಗು, ಇಂಗ್ಲಿಷ್ ಶಬ್ದಗಳನ್ನು ಬರೆಯತೊಡಗಿದೆನು. ಕನ್ನಡ, ತೆಲುಗು ಲಿಪಿಗಳು ಅಕ್ಕತಂಗಿಯರಂತೆ ಇರುವುದರಿಂದ, ಒಂದು ತಿಂಗಳಲ್ಲಿಯೇ ಅಂಗಡಿಯ ಫಲಕಗಳನ್ನು ಓದಲು ಬಂದಿತು. ಆ ಪುಸ್ತಕದ ಮೊದಲನೆಯ ಶಬ್ದ ‘ತೊಟ್ಟಿ’. ಬೇಕಾದವರು ಬಂದು ನೋಡಬಹುದು. ಅದು ಈಗಲೂ ನನ್ನ ಮೇಜಿನ ಒಳಗಿದೆ.

ಅಂಕ ಹಾಕುವ ಕೈ

ಅಂಕಗಳನ್ನು ಹಾಕುವವರೂ ಮನುಷ್ಯರೇ ಎಂಬುದನ್ನು ನೆನಪಿಡಬೇಕು. ಅಮೆರಿಕಾ ದೇಶದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು ೧೯೧೨–೧೩ರಲ್ಲಿ ಒಂದು ಪ್ರಯೋಗವನ್ನು ಮಾಡಿದರು. ಒಂದೇ ರೇಖಾಗಣಿತದ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಕ್ಕಿಂತ ಹೆಚ್ಚು ಉಪಾಧ್ಯಾಯರಿಗೆ ಕಳುಹಿಸಿ, ನೂರಕ್ಕೆ ಎಷ್ಟು ಅಂಕಗಳನ್ನು ಕೊಡುವಿರೆಂದು ಕೇಳಿದರು. ಒಬ್ಬರು ೨೮ ಕೊಟ್ಟರು. ಇನ್ನೊಬ್ಬರು ೯೨ ಕೊಟ್ಟರು! ಉತ್ತರ ಒಂದೇ, ಅಕ್ಷರ ಒಂದೇ, ವಿದ್ಯಾರ್ಥಿಯೂ ಒಬ್ಬನೇ. ಒಬ್ಬರು ಉತ್ತರದ ಕೊನೆಯ ಸಾಲನ್ನು ಮಾತ್ರ ನೋಡುವರು, ಇನ್ನೊಬ್ಬರು ನಡುವಿನ ಹೆಜ್ಜೆಗಳಿಗೂ ಬೆಲೆ ಕೊಡುವರು. ಈಚೆಗೆ ಪ್ರತಿಯೊಂದು ಹೆಜ್ಜೆಗೂ ಇಷ್ಟು ಅಂಕವೆಂದು ಮೊದಲೇ ಗೊತ್ತುಮಾಡಿ ಪರೀಕ್ಷಕರಿಗೆ ಕೊಡುವುದು ಇಂತಹ ಅಂತರವನ್ನು ತಗ್ಗಿಸುವುದಕ್ಕಾಗಿಯೇ. ನಾನೂ ಉತ್ತರಪತ್ರಿಕೆಗಳನ್ನು ತಿದ್ದುವವನು. ರಾತ್ರಿ ಹತ್ತು ಗಂಟೆಯ ಮೇಲೆ ತಿದ್ದಿದ ಪತ್ರಿಕೆಗಳನ್ನು ಬೆಳಗ್ಗೆ ಇನ್ನೊಮ್ಮೆ ನೋಡದೆ ಹಿಂದಿರುಗಿಸಬಾರದೆಂಬ ನಿಯಮವನ್ನು ಇಟ್ಟುಕೊಂಡಿದ್ದೇನೆ. ಹಾಗೆ ನೋಡಿದಾಗ ಒಂದೆರಡು ಅಂಕ ಬದಲಾಗದ ದಿನವು ಅಪರೂಪ.

ದೊಡ್ಡವರೂ ಈ ಕೊರತೆಯನ್ನು ಕಾಣದೆ ಇರಲಿಲ್ಲ. ವಿಶಾಖಪಟ್ಟಣದಲ್ಲಿ ಬಿಡುವಿದ್ದಾಗ ನಾನು ವಾಲ್ತೇರಿನ ದಿಬ್ಬದ ಮೇಲಿರುವ ಆಂಧ್ರ ವಿಶ್ವವಿದ್ಯಾನಿಲಯದ ಆವರಣದಲ್ಲಿ ತಿರುಗಾಡಲು ಹೋಗುತ್ತಿದ್ದೆನು. ಈ ವಿಶ್ವವಿದ್ಯಾನಿಲಯವು ೧೯೨೬ರಲ್ಲಿ ಬೆಜವಾಡದಲ್ಲಿ ಆರಂಭವಾಗಿ, ೧೯೩೦ರಲ್ಲಿ ವಾಲ್ತೇರಿಗೆ ಬಂದಿತು. ಅದರ ಮೊದಲನೆಯ ಉಪಕುಲಪತಿಗಳಾದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಹಿಂದೆ ಮೈಸೂರು ಸಂಸ್ಥಾನದ ವಿದ್ಯಾಭ್ಯಾಸ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದವರು. ಅವರ ತರುವಾಯ, ೧೯೩೧ರಿಂದ ೧೯೩೬ರವರೆಗೆ, ಆ ಸ್ಥಾನದಲ್ಲಿದ್ದವರು ಡಾಕ್ಟರ್ ರಾಧಾಕೃಷ್ಣನ್ನರು. ಅವರೂ ೧೯೧೮ರಿಂದ ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದವರೇ. ಸ್ವಾತಂತ್ರ್ಯ ಬಂದ ಮೇಲೆ, ೧೯೪೮ರಲ್ಲಿ, ವಿಶ್ವವಿದ್ಯಾನಿಲಯಗಳ ಶಿಕ್ಷಣವನ್ನು ವಿಚಾರಿಸುವ ಆಯೋಗಕ್ಕೆ ಅವರು ಅಧ್ಯಕ್ಷರಾದರು. ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಅದು ಪರೀಕ್ಷೆಗಳ ಸುಧಾರಣೆಯೇ ಆಗಿರಬೇಕೆಂಬುದು ಆ ಆಯೋಗದ ಅಭಿಪ್ರಾಯವಾಗಿತ್ತು. ಮುಂದೆ ೧೯೫೨–೫೩ರಲ್ಲಿ ಪ್ರೌಢಶಿಕ್ಷಣವನ್ನು ವಿಚಾರಿಸಿದ ಮೊದಲಿಯಾರ್ ಆಯೋಗವೂ, ಹೊರಗಿನ ಒಂದೇ ಪರೀಕ್ಷೆಯನ್ನು ನೆಚ್ಚದೆ, ವರ್ಷವಿಡೀ ಶಾಲೆಯಲ್ಲಿ ಮಾಡಿದ ಕೆಲಸವನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂದು ಹೇಳಿತು. ಇಂದು ನಿಮ್ಮ ಯೋಜನಾಕಾರ್ಯಗಳಿಗೂ ಕಿರುಪರೀಕ್ಷೆಗಳಿಗೂ ಅಂಕ ದೊರೆಯುವುದು ಇಂತಹ ವಿಚಾರಗಳ ಫಲ. ಆದ್ದರಿಂದ ಅವುಗಳನ್ನು ಹಿಂದಿನ ರಾತ್ರಿ ಕುಳಿತು ನಕಲು ಮಾಡಬೇಡಿರಿ.

ಉತ್ತರಪತ್ರಿಕೆಯನ್ನು ಓದುವ ಬಗೆ

ತಿದ್ದಿದ ಉತ್ತರಪತ್ರಿಕೆ ಕೈಗೆ ಬಂದಾಗ ನೀವು ಏನು ಮಾಡುವಿರಿ? ಮೂಲೆಯಲ್ಲಿರುವ ಅಂಕವನ್ನು ನೋಡಿ, ಪಕ್ಕದವನದನ್ನು ಇಣಿಕಿ ನೋಡಿ, ಚೀಲಕ್ಕೆ ತುರುಕುವಿರಿ. ಅಲ್ಲಿಗೆ ಪರೀಕ್ಷೆಯ ಪ್ರಯೋಜನವೆಲ್ಲ ಹಾಳಾಯಿತು. ಇನ್ನು ಮೇಲೆ ಹೀಗೆ ಮಾಡಿರಿ. ಕೆಂಪು ಗುರುತು ಇರುವ ಪ್ರತಿಯೊಂದು ತಪ್ಪನ್ನೂ ಈ ಮೂರರಲ್ಲಿ ಯಾವುದೆಂದು ವಿಂಗಡ ಮಾಡಿರಿ.

ಒಂದನೆಯದು, ತಿಳಿಯದೆ ಆದ ತಪ್ಪು. ನನ್ನ ಶೇಕಡ ಲೆಕ್ಕದ ತಪ್ಪು ಈ ಜಾತಿಯದು. ಇದಕ್ಕೆ ಔಷಧ, ಬಲ್ಲವರನ್ನು ಕೇಳುವುದು. ಕೇಳಲು ನಾಚಬಾರದು, ನನಗೆ ಕಲಿಸಿದವರು ಹೋಟೆಲಿನ ಲೆಕ್ಕ ಬರೆಯುವವರು.

ಎರಡನೆಯದು, ಪ್ರಶ್ನೆಯು ಅರ್ಥವಾಗದೆ ಆದ ತಪ್ಪು. ತೊಟ್ಟಿಯ ಲೆಕ್ಕ ಇದಕ್ಕೆ ಉದಾಹರಣೆ. ‘ವಿವರಿಸಿರಿ’, ‘ಹೋಲಿಸಿರಿ’, ‘ಕಾರಣ ಕೊಡಿರಿ’ ಎಂಬ ಮಾತುಗಳ ಭೇದವನ್ನು ಅರಿಯದವರು ಹಲವರಿದ್ದಾರೆ. ಇದಕ್ಕೆ ಔಷಧ, ಪ್ರಶ್ನೆಯನ್ನು ಎರಡು ಸಲ ಓದುವುದು ಮತ್ತು ಶಬ್ದಗಳ ಪುಸ್ತಕವನ್ನು ಇಡುವುದು.

ಮೂರನೆಯದು, ತಿಳಿದಿದ್ದೂ ಆತುರದಿಂದಲೋ ವೇಳೆ ಸಾಲದೆಯೋ ಆದ ತಪ್ಪು. ಇದಕ್ಕೆ ಔಷಧ ಅಭ್ಯಾಸವೊಂದೇ: ಗಡಿಯಾರವನ್ನು ಮುಂದಿಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಗಳಿಗೆ ಉತ್ತರ ಬರೆಯಬೇಕು.

ಹೀಗೆ ವಿಂಗಡಿಸಿದರೆ ‘ನಾನು ದಡ್ಡ’ ಎಂಬ ಮಾತಿಗೆ ಎಡೆಯೇ ಉಳಿಯುವುದಿಲ್ಲ. ಏಕೆಂದರೆ ಈ ಮೂರು ಪಟ್ಟಿಗಳಲ್ಲಿ ದಡ್ಡತನವೆಂಬ ನಾಲ್ಕನೆಯ ಪಟ್ಟಿಯಿಲ್ಲ. ಪ್ರತಿಯೊಂದು ತಪ್ಪಿನ ಎದುರಿಗೂ ಮಾಡಬೇಕಾದ ಒಂದು ಕೆಲಸವು ಮಾತ್ರ ಇದೆ.

ಉಪಸಂಹಾರ

ಮೊದಲಿಗೆ ಹೇಳಿದ ಹುಡುಗನ ಪ್ರಶ್ನೆಗೆ ಈಗ ಬರೋಣ. ಅವನು ಕಳೆದ ವರ್ಷ ತೇರ್ಗಡೆಯಾಗಿ ಮುಂದಕ್ಕೆ ಹೋದನು. ಆದರೂ ಅವನಿಗೆ ನಾನು ಕೊಡಬೇಕಾಗಿದ್ದ ಉತ್ತರವು ಬಾಕಿ ಇದೆ; ಈ ವರ್ಷ ಅದೇ ಪ್ರಶ್ನೆಯನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡವರು ನಿಮ್ಮಲ್ಲಿ ಇದ್ದೇ ಇರುವಿರಿ.

ಮಗು, ಪಾಸಾಗದಿದ್ದರೆ ನೀನು ಬೇರೆ ಯಾರೂ ಆಗುವುದಿಲ್ಲ. ಹಿಂದಿನ ದಿನ ನಿನ್ನ ತಾಯಿಗೆ ಯಾವ ಮಗನಾಗಿದ್ದೆಯೋ ಮರುದಿನವೂ ಅದೇ ಮಗನಾಗಿರುತ್ತೀಯೆ. ನಿನ್ನ ಮುಂದೆ ಕಲಿಯಬೇಕಾದ ಕೆಲವು ಪಾಠಗಳು ಉಳಿದಿರುತ್ತವೆ, ಅಷ್ಟೇ. ಪಾಸಾದವನ ಮುಂದೆಯೂ ಅವು ಉಳಿದಿರುತ್ತವೆ. ಅವನಿಗೆ ಅದು ತಿಳಿದಿರುವುದಿಲ್ಲ. ಕಷ್ಟಪಟ್ಟು ಓದು, ಬಾಗಿಲನ್ನು ದಾಟುವುದಕ್ಕೆ ಬೇಕಾದ ಎಲ್ಲವನ್ನೂ ಮಾಡು. ಬಾಗಿಲು ಒಮ್ಮೆಗೆ ತೆರೆಯದಿದ್ದರೆ, ಸ್ವಲ್ಪ ಹೊತ್ತು ನಿಂತು ಮತ್ತೆ ತಟ್ಟು.

ಅಪ್ಪಯ್ಯನವರು ತೀರಿಕೊಂಡು ಆರು ವರ್ಷಗಳಾದುವು. ಚಳಿಗಾಲದ ಬೆಳಗ್ಗೆ ಮನೆಯಲ್ಲಿ ಹಿಟ್ಟು ಉಬ್ಬದಿದ್ದಾಗ, ನನ್ನ ಹೆಂಡತಿಯು ಪಾತ್ರೆಯನ್ನು ಒಲೆಯ ಬದಿಗೆ ಸರಿಸುವುದನ್ನು ನೋಡುತ್ತೇನೆ. ಅಂದು ನಾನು ಶಾಲೆಗೆ ಬಂದು, ಕಡಿಮೆ ಅಂಕ ಬಂದವರ ಉತ್ತರಪತ್ರಿಕೆಗಳನ್ನು ಇನ್ನೊಂದು ಸಲ ತೆಗೆದು ಓದುತ್ತೇನೆ.

ನಿಮಗೆಲ್ಲರಿಗೂ ಶುಭವಾಗಲಿ.